ಕಾಣದ ದ್ರವ್ಯ ಮತ್ತು ನಮ್ಮ ಮಕ್ಕಳ ವ್ಯಾಸಂಗ

ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಸಿಂಗಾಪುರ ಬಡಾವಣೆಯಲ್ಲಿ ಕ್ರೈಸ್ತರ ಮನೆ ಯಾವುದೆಂದು ಯಾರನ್ನೂ ವಿಚಾರಿಸಬೇಕಾಗಿಲ್ಲ. ಬಾಗಿಲ ಮೇಲೆ ತೂಗುವ ನಕ್ಷತ್ರದೀಪವೇ ವಿಳಾಸ ಹೇಳಿಬಿಡುತ್ತದೆ. ಅದೇ ಡಿಸೆಂಬರ್ ತಿಂಗಳ ಸಂಜೆ ಏಳೆಂಟು ಗಂಟೆಯ ಹೊತ್ತಿಗೆ, ಆ ದೀಪ ಕಟ್ಟಿದ ಮನೆಯ ತಾರಸಿಯ ಮೇಲೆ ನಿಂತು ತಲೆಯೆತ್ತಿದರೆ, ನೆತ್ತಿಯಿಂದ ತುಸು ಉತ್ತರಕ್ಕೆ ದೇವಯಾನಿ ಗೆಲಾಕ್ಸಿ ಇರುತ್ತದೆ. ಇರುತ್ತದೆ ಎಂದೆವೇ ಹೊರತು ಕಾಣುತ್ತದೆ ಎನ್ನಲಿಲ್ಲ. ಕತ್ತಲ ಹಳ್ಳಿಯ ಆಕಾಶದಲ್ಲಿ ಮಸುಕಾದ ಬಿಳಿ ತೇಪೆಯಂತೆ ಬರಿಗಣ್ಣಿಗೇ ಕಾಣುವ ಆ ನೆರೆಯ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಇಂದು ನಮ್ಮ ಕಣ್ಣಿಗೆ ತಾಗಬೇಕಾದ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷಗಳಾದವು. ಅಷ್ಟು ದೂರ ಬಂದ ಬೆಳಕನ್ನು ನಮ್ಮ ಬೀದಿದೀಪಗಳು ಕೊನೆಯ ಗಳಿಗೆಯಲ್ಲಿ ನುಂಗಿಬಿಡುತ್ತವೆ.

ಈ ವಿಷಯವನ್ನು ಈ ಅಂಕಣದಲ್ಲಿ ಎತ್ತಿಕೊಳ್ಳಲು ಎರಡು ಪ್ರಸಂಗಗಳು ಕಾರಣ. ಮೊದಲನೆಯದು, ಯುವಜನರ ಒಂದು ಸಭೆಯಲ್ಲಿ ನಾವು ಕೇಳಿದ ಮಾತು. ವಿಶ್ವದ ಬಹುಪಾಲು ದ್ರವ್ಯ ವಿಜ್ಞಾನಿಗಳ ಕಣ್ಣಿಗೇ ಬಿದ್ದಿಲ್ಲ, ಕಾಣದ್ದನ್ನು ಅವರೂ ನಂಬಲೇಬೇಕಾಗಿದೆ, ಆದ್ದರಿಂದ ಕಾಣದ ದೇವರನ್ನು ನಂಬುವ ನಾವೇ ಗೆದ್ದಂತಾಯಿತು ಎಂದು ಭಾಷಣಕಾರರೊಬ್ಬರು ಹೇಳಿದರು. ಚಪ್ಪಾಳೆ ಬಿತ್ತು. ಎರಡನೆಯದು, ಅದೇ ಸಭೆಯಿಂದ ಹೊರಬರುವಾಗ ದ್ವಿತೀಯ ಪಿ.ಯು.ಸಿ. ಓದುತ್ತಿರುವ ಹೆಣ್ಣುಮಗಳೊಬ್ಬಳು ನಮ್ಮನ್ನು ತಡೆದು ನಿಲ್ಲಿಸಿ, "ಅಂಕಲ್, ಆ ದ್ರವ್ಯ ಏನೂಂತ ಹುಡುಕೋ ಓದು ಇದೆಯಂತಲ್ಲ, ಅದನ್ನೇ ಓದ್ತೀನಿ ಅಂದ್ರೆ ಮನೇಲಿ ಬೇಡ ಅಂತಾರೆ, ನೀವು ಒಂದು ಮಾತು ಹೇಳಿ" ಎಂದು ಬೇಡಿಕೊಂಡದ್ದು. ಭಾಷಣಕಾರರಿಗೆ ಗೆಲುವಾಗಿ ಕಂಡ ಸಂಗತಿ ಈ ಮಗುವಿಗೆ ಪ್ರಶ್ನೆಯಾಗಿ ಕಂಡಿತ್ತು. ಇಬ್ಬರಲ್ಲಿ ಸರಿಯಾಗಿ ಕೇಳಿಸಿಕೊಂಡವಳು ಅವಳೇ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಸಂಗತಿಯೇನೆಂದು ನೋಡೋಣ. ನಮ್ಮ ಸೂರ್ಯನೂ ಕೋಟ್ಯನುಕೋಟಿ ನಕ್ಷತ್ರಗಳೂ ಸೇರಿ ಆಗಿರುವ ನಕ್ಷತ್ರಗಳ ನಗರಿಯೇ ಆಕಾಶಗಂಗೆ. ಇಂತಹ ನಗರಿಗಳು ಇನ್ನೂ ಅಸಂಖ್ಯ ಇವೆ, ಅವೇ ಗೆಲಾಕ್ಸಿಗಳು. ದೇವಯಾನಿ ನಮ್ಮ ಆಕಾಶಗಂಗೆಯೊಳಗಿನ ಮೋಡವಲ್ಲ, ಅದರಾಚೆಗಿನ ಬೇರೆಯೇ ನಗರಿ ಎಂದು ಎಡ್ವಿನ್ ಹಬಲ್ ತೋರಿಸಿಕೊಟ್ಟದ್ದು 1925ರ ಆರಂಭದಲ್ಲಿ. ಮರುವರ್ಷವೇ ಅವರು ಗೆಲಾಕ್ಸಿಗಳನ್ನು ಆಕಾರದ ಮೇಲೆ ವಿಂಗಡಿಸಿದರು: ಮೊಟ್ಟೆಯಂತೆ ದುಂಡಾದವು, ಸುರುಳಿ ಸುತ್ತಿದ ತೋಳುಗಳುಳ್ಳವು, ನಡುವೆ ದಂಡವಿಟ್ಟು ಅದರ ತುದಿಗಳಿಂದ ತೋಳು ಚಾಚಿದವು, ಯಾವ ಆಕಾರಕ್ಕೂ ಒಗ್ಗದವು. ನಮ್ಮ ಆಕಾಶಗಂಗೆ ದಂಡವುಳ್ಳ ಸುರುಳಿಗಳ ಪಂಗಡಕ್ಕೆ ಸೇರಿದ್ದು. ದೇವಯಾನಿಯೂ ಸುರುಳಿಯೇ.

ಈ ಸುರುಳಿಗಳು ತಿರುಗುತ್ತಿವೆ. ನಮ್ಮ ಸೂರ್ಯ ಸೆಕೆಂಡಿಗೆ 220 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಆಕಾಶಗಂಗೆಯ ಕೇಂದ್ರವನ್ನು ಸುತ್ತುತ್ತಿದ್ದಾನೆ. ಆದರೂ ಒಂದು ಸುತ್ತಿಗೆ ಇಪ್ಪತ್ತು ಕೋಟಿ ವರ್ಷಗಳ ಮೇಲೆ ಬೇಕು. ತೊಡಕು ಹುಟ್ಟಿದ್ದು ಈ ವೇಗದಿಂದಲೇ. ಸೌರಮಂಡಲದಲ್ಲಿ ಸೂರ್ಯನಿಗೆ ಹತ್ತಿರದ ಬುಧ ಸೆಕೆಂಡಿಗೆ 47 ಕಿಲೋಮೀಟರ್ ಓಡಿದರೆ ಅಂಚಿನ ನೆಪ್ಚೂನ್ ಐದೂವರೆಯಷ್ಟೇ ಸಾಗುತ್ತದೆ. ದೂರ ಹೋದಂತೆ ಸೆಳೆತ ಕಡಿಮೆ, ವೇಗವೂ ಕಡಿಮೆ. ಗೆಲಾಕ್ಸಿಯಲ್ಲಿಯೂ ಬೆಳಕು ನಡುವೆ ಒತ್ತಾಗಿ ಅಂಚಿನಲ್ಲಿ ವಿರಳವಾಗಿರುವುದರಿಂದ ಅಂಚಿನ ನಕ್ಷತ್ರಗಳು ನಿಧಾನವಾಗಿ ಚಲಿಸಬೇಕಿತ್ತು. ಅಮೆರಿಕದ ಖಗೋಳ ವಿಜ್ಞಾನಿ ವೀರಾ ರೂಬಿನ್ ಮತ್ತು ಅವರ ಸಹೋದ್ಯೋಗಿ ಕೆಂಟ್ ಫೋರ್ಡ್ ದೇವಯಾನಿಯನ್ನು ಅಳೆದು 1970ರಲ್ಲಿ ಪ್ರಕಟಿಸಿದಾಗ ಕಂಡದ್ದೇ ಬೇರೆ: ಅಂಚಿನತ್ತ ಹೋದರೂ ವೇಗ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಜಲಜನಕ ಅನಿಲವು ಹೊಮ್ಮಿಸುವ 21 ಸೆಂಟಿಮೀಟರ್ ರೇಡಿಯೋ ಅಲೆಗಳನ್ನು ಹಿಡಿದು, ನಕ್ಷತ್ರಗಳು ಮುಗಿದ ಮೇಲೂ ಬಹುದೂರ ಹಬ್ಬಿರುವ ಅನಿಲವನ್ನು ಅಳೆದವರಿಗೂ ಇದೇ ಉತ್ತರ ದೊರೆಯಿತು. ಒಂದಲ್ಲ ಎರಡಲ್ಲ, ಸುರುಳಿಯ ಮೇಲೆ ಸುರುಳಿಯಲ್ಲಿ ಹೀಗೆಯೇ ಕಂಡಿತು.

ದಾವೀದನ ಕವಣೆಯನ್ನು ನೆನೆಯಿರಿ. ಕಲ್ಲನ್ನು ಎಷ್ಟು ರಭಸದಿಂದ ತಿರುಗಿಸುತ್ತೇವೆಯೋ ದಾರ ಅಷ್ಟು ಗಟ್ಟಿಯಾಗಿರಬೇಕು. ದಾರ ನೂಲಿನಷ್ಟು ತೆಳ್ಳಗೆ ಕಾಣುತ್ತಿದ್ದು, ಕಲ್ಲು ಮಾತ್ರ ಭರದಿಂದ ತಿರುಗುತ್ತಿದ್ದರೂ ಹಾರಿಹೋಗದಿದ್ದರೆ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ದಾರವಿದೆ ಎನ್ನದೆ ವಿಧಿಯಿಲ್ಲ. ಆ ಕಾಣದ ದಾರವನ್ನೇ ಕಪ್ಪುದ್ರವ್ಯ ಎನ್ನುತ್ತಾರೆ. ಅದು ಬೆಳಕನ್ನು ಬೀರುವುದಿಲ್ಲ, ತಡೆಯುವುದೂ ಇಲ್ಲ; ಸೆಳೆಯುತ್ತದೆ, ಅಷ್ಟೇ. ಗೆಲಾಕ್ಸಿಗಳ ಒಂದು ಗುಂಪಿನಲ್ಲಿ ಇಂಥದೇ ಕೊರತೆಯನ್ನು ಫ್ರಿಟ್ಜ್ ಜ್ವಿಕಿ 1933ರಷ್ಟು ಹಿಂದೆಯೇ ಗುರುತಿಸಿದ್ದರು. ಇಂದಿನ ಲೆಕ್ಕದಂತೆ ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲಿನಷ್ಟು ಇದೇ. ನಾವು, ನಮ್ಮ ಬೆಟ್ಟ ಸಮುದ್ರಗಳು, ಸೂರ್ಯ ಚಂದ್ರ ನಕ್ಷತ್ರಗಳು ಎಲ್ಲವೂ ಉಳಿದ ಒಂದು ಪಾಲಿನಲ್ಲಿ ಅಡಕ.

ಇದೆಲ್ಲ ದೂರದೇಶದ ಮಾತು ಎಂದು ಓದುಗರು ಭಾವಿಸಬಾರದು. ನಮ್ಮ ಬಡಾವಣೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಈ ಕಾಣದ ದ್ರವ್ಯದ ಆಕಾರವನ್ನು ಅಳೆಯುವ ಕೆಲಸ ನಡೆದಿದೆ. ಅಲ್ಲಿ ದೀರ್ಘಕಾಲ ಪ್ರಾಧ್ಯಾಪಕಿಯಾಗಿದ್ದ ಚಂದಾ ಜೋಗ್ ಮತ್ತು ಅವರ ವಿದ್ಯಾರ್ಥಿನಿಯಾಗಿದ್ದ ಅರುಣಿಮಾ ಬ್ಯಾನರ್ಜಿ ಹಿಡಿದ ದಾರಿ ಸೊಗಸಾದದ್ದು. ಗೆಲಾಕ್ಸಿಯ ತಟ್ಟೆಯಲ್ಲಿ ಹರಡಿರುವ ಜಲಜನಕದ ಪದರವು ಸೆಳೆತ ಹೆಚ್ಚಿರುವಲ್ಲಿ ತೆಳ್ಳಗೆ ಅದುಮಿಕೊಂಡಿರುತ್ತದೆ, ಸೆಳೆತ ಸಡಿಲವಾದ ಅಂಚಿನಲ್ಲಿ ಉಬ್ಬಿಕೊಳ್ಳುತ್ತದೆ. ಕಾಣದ ದ್ರವ್ಯ ತಟ್ಟೆಯ ಹತ್ತಿರವೇ ಚಪ್ಪಟೆಯಾಗಿ ಹರಡಿದ್ದರೆ ಪದರ ಹೆಚ್ಚು ಅದುಮಿಕೊಳ್ಳಬೇಕು. ಮೇಲಕ್ಕೂ ಕೆಳಕ್ಕೂ ಚಾಚಿಕೊಂಡಿದ್ದರೆ ಹೆಚ್ಚು ಉಬ್ಬಬೇಕು. ಹೀಗೆ ಅನಿಲದ ದಪ್ಪದಿಂದ ಕಾಣದ ದ್ರವ್ಯದ ಆಕಾರವನ್ನು ಊಹಿಸಬಹುದು. 2008ರಲ್ಲಿ ಅವರು ದೇವಯಾನಿಯ ಸುತ್ತಲಿನ ಕಪ್ಪುದ್ರವ್ಯ ಚೆಂಡಿನಂತಿರದೆ ಚಪ್ಪಟೆಯಾಗಿದೆ ಎಂಬ ನಿರ್ಣಯಕ್ಕೆ ಬಂದರು. 2011ರಲ್ಲಿ ನಮ್ಮ ಆಕಾಶಗಂಗೆಯ ಕಪ್ಪುದ್ರವ್ಯವು ಹೊರಹೋದಂತೆಲ್ಲ ಮೇಲಕ್ಕೂ ಕೆಳಕ್ಕೂ ಹೆಚ್ಚು ಹೆಚ್ಚಾಗಿ ಚಾಚಿಕೊಂಡಿರುವಂತಿದೆ ಎಂದು ತೋರಿಸಿದರು. ಕಣ್ಣಿಗೆ ಅವಳಿಜವಳಿಯಂತೆ ಕಾಣುವ ಎರಡು ನೆರೆಯ ಸುರುಳಿಗಳ ಕಾಣದ ಮೈಕಟ್ಟು ಬೇರೆಬೇರೆ! ಇಷ್ಟನ್ನೂ ಕಂಡದ್ದು ಲೆಕ್ಕದ ಹಾಳೆಯ ಮೇಲೆ.

ಸದಾಶಿವನಗರದ ಮೇಖ್ರಿ ವೃತ್ತದ ಬಳಿ ಸರ್ ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ಕತೆ ಇನ್ನೂ ಸ್ವಾರಸ್ಯವುಳ್ಳದ್ದು. ನಮ್ಮ ಭಾಷಣಕಾರರು ಅದನ್ನು ಕೇಳಿದ್ದರೆ ಚೆನ್ನಾಗಿತ್ತು. 2018ರಲ್ಲಿ ಅಮೆರಿಕದ ಒಂದು ತಂಡ ಆಸ್ಟ್ರೇಲಿಯದ ಮರುಭೂಮಿಯಲ್ಲಿಟ್ಟ ಉಪಕರಣದಿಂದ ವಿಶ್ವದ ಮೊತ್ತಮೊದಲ ನಕ್ಷತ್ರಗಳ ಕಾಲದ ರೇಡಿಯೋ ಗುರುತನ್ನು ಹಿಡಿದೆವೆಂದು ಸಾರಿತು. ಆ ಗುರುತು ನಿರೀಕ್ಷೆಗಿಂತ ಬಹು ಆಳವಾಗಿತ್ತು. ಅಂದಿನ ಅನಿಲವನ್ನು ಕಪ್ಪುದ್ರವ್ಯವೇ ತಂಪಾಗಿಸಿರಬಹುದು, ಕಪ್ಪುದ್ರವ್ಯದ ಗುಣವೊಂದು ಕೊನೆಗೂ ಕೈಗೆ ಸಿಕ್ಕಿತು ಎಂದು ಜಗತ್ತಿನಾದ್ಯಂತ ಸಂಭ್ರಮವಾಯಿತು. ನಮ್ಮ ಬೆಂಗಳೂರಿನವರು ಸಂಭ್ರಮಿಸಲೂ ಇಲ್ಲ, ಜರೆಯಲೂ ಇಲ್ಲ. ತಾವೇ ಕಟ್ಟಿದ 'ಸಾರಸ್' ಎಂಬ ಉಪಕರಣವನ್ನು ತೆಪ್ಪದ ಮೇಲಿಟ್ಟು, 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿಯ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದ ಮೇಲಿಟ್ಟರೆ ಅಡಿಯ ಮಣ್ಣು ಕಲ್ಲುಗಳಿಂದ ಲೆಕ್ಕ ಕೆಡುತ್ತದೆ. ನೀರಾದರೆ ಎಲ್ಲೆಡೆಯೂ ಒಂದೇ ಸಮ. 2022ರಲ್ಲಿ ಅವರ ಉತ್ತರ ಪ್ರಕಟವಾಯಿತು: ಅಮೆರಿಕದವರು ಕಂಡ ಗುರುತು ಆಕಾಶದಿಂದ ಬಂದದ್ದಲ್ಲ. 95 ಪಾಲಿನ ಭರವಸೆಯಿಂದ ಅವರು ಹಾಗೆಂದರು. ನೂರಕ್ಕೆ ನೂರು ಎನ್ನಲಿಲ್ಲ. ಆ ಎಚ್ಚರದಲ್ಲಿಯೇ ಅವರ ಪ್ರಾಮಾಣಿಕತೆ ಇದೆ.

2018ರಲ್ಲಿ ಯಾರಾದರೂ ಆ ಸುದ್ದಿಯ ಮೇಲೆ ಒಂದು ಪ್ರಬೋಧನೆಯನ್ನು ಕಟ್ಟಿದ್ದರೆ 2022ರಲ್ಲಿ ಅದು ದಂಡಿಗಾನಹಳ್ಳಿಯ ಕೆರೆಯಲ್ಲಿ ಮುಳುಗಿಹೋಗುತ್ತಿತ್ತು. ನಾವು ಹೇಳಬಯಸುವ ಮೊದಲ ಮಾತು ಇದೇ. ವಿಜ್ಞಾನದ ಇಂದಿನ ಅಜ್ಞಾನವನ್ನು ವಿಶ್ವಾಸದ ಆಧಾರವಾಗಿ ಹಿಡಿಯಬಾರದು. ಕಪ್ಪುದ್ರವ್ಯ ಕಾಣುವುದಿಲ್ಲ, ನಿಜ. ಅದರ ಕಣವನ್ನು ಎಲ್ಲರೂ ಒಪ್ಪುವಂತೆ ಹಿಡಿದು ತೋರಿಸಿದವರು ಇನ್ನೂ ಯಾರೂ ಇಲ್ಲ. ಅಂಥ ದ್ರವ್ಯವೇ ಇಲ್ಲ, ತಿದ್ದಬೇಕಾದದ್ದು ಚಲನೆಯ ನಿಯಮವನ್ನು ಎಂದು 1983ರಿಂದ ವಾದಿಸುತ್ತಿರುವ ಮೊರ್ದೆಹಾಯ್ ಮಿಲ್‌ಗ್ರೋಮ್ ಅವರಂಥ ವಿದ್ವಾಂಸರೂ ಇದ್ದಾರೆ. ಆದರೆ ವಿಜ್ಞಾನಿಯು ಕಪ್ಪುದ್ರವ್ಯವನ್ನು ನಂಬುವ ಬಗೆಯೂ ನಾವು ದೇವರನ್ನು ನಂಬುವ ಬಗೆಯೂ ಒಂದೇ ಅಲ್ಲ. ಅವನ ನಂಬಿಕೆ ತಾತ್ಕಾಲಿಕ. ಅಳತೆ ಬೇರೆ ಹೇಳಿದ ದಿನ ಕೈಬಿಡಲು ಅವನು ಸಿದ್ಧನಿರಬೇಕು. ತಂದೆಯ ಮೇಲೆ ಮಗುವಿಗಿರುವ ಭರವಸೆಯನ್ನು ಯಾರೂ ಹಾಗೆ ಅಳೆದು ನೋಡಿ ಇಟ್ಟುಕೊಳ್ಳುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಎರಡಕ್ಕೂ ಅನ್ಯಾಯ.

ಕಾಣದ್ದು ಎಂದೆಂದಿಗೂ ಕಾಣದೇ ಉಳಿಯುವುದೆಂದೂ ಇಲ್ಲ. ನ್ಯೂಟ್ರಿನೋ ಎಂಬ ಕಣವನ್ನು 1930ರಲ್ಲಿ ಊಹಿಸಿದಾಗ ಅದನ್ನು ಹಿಡಿಯಲಾದೀತೆಂದು ನಂಬಿದವರು ವಿರಳ. 1956ರಲ್ಲಿ ಅದು ಪತ್ತೆಯಾಯಿತು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಸಿಕ್ಕಿದ ಮೊದಲ ತಾಣಗಳಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯೂ ಒಂದು. ಅದು 1965ರ ಮಾತು. ನಮ್ಮ ಓದುಗರಲ್ಲಿ ಅಜ್ಜನೋ ಮುತ್ತಜ್ಜನೋ ಕೆ.ಜಿ.ಎಫ್. ಗಣಿಗೆ ಇಳಿದಿದ್ದ ಕುಟುಂಬಗಳು ಎಷ್ಟೋ ಇವೆ. ಚಿನ್ನಕ್ಕಾಗಿ ತೋಡಿದ ಆ ಆಳದಲ್ಲಿ ಚಿನ್ನಕ್ಕಿಂತ ಅಪರೂಪದ ವಸ್ತುವೂ ದೊರೆತಿತ್ತು ಎಂಬುದನ್ನು ಮನೆಯ ಮಕ್ಕಳಿಗೆ ಹೇಳಿದವರೆಷ್ಟು ಮಂದಿ?

ಈ ವಿವೇಕವನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಯೂ ಇಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿಯೇ ಬರೆದ ಜಾರ್ಜ್ ಲೆಮೈತ್ರ್ ಬೆಲ್ಜಿಯಂ ದೇಶದ ಕಥೋಲಿಕ ಧರ್ಮಗುರು. ಇಡೀ ವಿಶ್ವ ಒಂದು ಆದಿ ಅಣುವಿನಿಂದ ಹರಡಿಕೊಂಡಿತೆಂಬ ಊಹೆಯನ್ನು 1931ರಲ್ಲಿ ಮಂಡಿಸಿದವರೂ ಅವರೇ. 1951ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಈ ಹೊಸ ವಿಜ್ಞಾನದಲ್ಲಿ ಸೃಷ್ಟಿಕಾರ್ಯದ ಸಾಕ್ಷ್ಯವನ್ನು ಕಂಡಂತೆ ಮಾತನಾಡಿದಾಗ ಲೆಮೈತ್ರ್ ಅವರಿಗೆ ಸಂತೋಷಕ್ಕಿಂತ ಕಳವಳವೇ ಹೆಚ್ಚಾಯಿತು. ತಮ್ಮ ಸಿದ್ಧಾಂತ ನಾಳೆ ತಪ್ಪೆಂದಾದರೂ ಆಗಬಹುದು, ಅದನ್ನು ದೇವಶಾಸ್ತ್ರಕ್ಕೆ ಕಟ್ಟಿಹಾಕಬಾರದು ಎಂಬುದು ಅವರ ನಿಲುವಾಗಿತ್ತು. ದಿನವೂ ಬಲಿಪೂಜೆ ಅರ್ಪಿಸುತ್ತಿದ್ದ ಗುರುವೇ ಅಷ್ಟು ಎಚ್ಚರ ವಹಿಸಿದ ಮೇಲೆ ನಾವು ವೇದಿಕೆಯ ಮೇಲೆ ಅವಸರಪಡುವುದೇಕೆ? ಇನ್ನೂ ಹಿಂದಕ್ಕೆ ಹೋದರೆ, 1689ರಲ್ಲಿ ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಜಾನ್ ರಿಶೋ ಅವರು ಧೂಮಕೇತುವೊಂದನ್ನು ನೋಡುತ್ತಿದ್ದಾಗ ಆಲ್ಫಾ ಸೆಂಟಾರಿ ಒಂಟಿ ನಕ್ಷತ್ರವಲ್ಲ, ಜೋಡಿ ಎಂದು ದೂರದರ್ಶಕದಿಂದ ಕಂಡುಕೊಂಡರು. ಆಕಾಶವನ್ನು ಶ್ರದ್ಧೆಯಿಂದ ನೋಡಿ, ಕಂಡದ್ದನ್ನು ಕಂಡಂತೆ ಬರೆದಿಡುವುದೇ ಅವರ ಪರಂಪರೆ.

ಇನ್ನು ಆ ಹೆಣ್ಣುಮಗಳ ಮಾತು. ಅವಳ ತಂದೆತಾಯಿಯರನ್ನು ನಾವು ದೂರುವುದಿಲ್ಲ. ಜಾಲಹಳ್ಳಿಯ ಕಾರ್ಖಾನೆಗಳನ್ನು ನಂಬಿ ಬಂದು ನೆಲೆಸಿದ ತಲೆಮಾರಿನ ಮಕ್ಕಳು ಅವರು. ಕಾರ್ಖಾನೆ ಮುಚ್ಚಿದರೆ ಮನೆ ಹೇಗಿರುತ್ತದೆಂದು ಕಂಡವರು. ಇಂಜಿನಿಯರಿಂಗ್ ಎಂದರೆ ಸಂಬಳ, ನರ್ಸಿಂಗ್ ಎಂದರೆ ವಿದೇಶ, ಭೌತಶಾಸ್ತ್ರ ಎಂದರೆ ಏನು ಎಂದು ಅವರು ಕೇಳಿದರೆ ಅದು ಸಣ್ಣ ಪ್ರಶ್ನೆಯಲ್ಲ. ಮನೆಯ ಸಾಲ ತೀರಬೇಕು, ತಮ್ಮನ ಓದು ಆಗಬೇಕು, ಮಗಳಿಗೆ ಮದುವೆಯ ವಯಸ್ಸು ಮೀರಬಾರದು. ಮೊದಲ ಎರಡು ಚಿಂತೆಗಳನ್ನು ನಾವು ಒಪ್ಪುತ್ತೇವೆ. ಮೂರನೆಯದನ್ನು ಒಪ್ಪಲಾರೆವು.

ಏಕೆಂದರೆ ದೇವಯಾನಿಯ ವೇಗವನ್ನು ಅಳೆದ ವೀರಾ ರೂಬಿನ್ ಅವರ ಬಾಳು ನಮ್ಮ ಕಣ್ಣೆದುರಿಗಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಖಗೋಳ ವಿಭಾಗವು 1975ರವರೆಗೂ ಸ್ನಾತಕೋತ್ತರ ವ್ಯಾಸಂಗಕ್ಕೆ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಯೆಹೂದ್ಯ ಕುಟುಂಬದ ಈ ಯುವತಿಗೆ ಡಾಕ್ಟರೇಟ್ ವ್ಯಾಸಂಗಕ್ಕೆ ಬಾಗಿಲು ತೆರೆದದ್ದು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯ, ಯೇಸುಸಭೆಯವರ ಸಂಸ್ಥೆ. ತರಗತಿಗಳು ನಡೆಯುತ್ತಿದ್ದುದು ರಾತ್ರಿ. ಮನೆಯಲ್ಲಿ ಎಳೆಯ ಮಕ್ಕಳು. ವೀರಾ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ; ಗಂಡ ಕರೆದುಕೊಂಡು ಹೋಗಿ, ಪಾಠ ಮುಗಿಯುವವರೆಗೆ ಹೊರಗೆ ಕಾರಿನಲ್ಲಿ ಕಾದು ಕುಳಿತಿರುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳಲು ತವರಿನವರು ಬರುತ್ತಿದ್ದರು. 1954ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಅವರ ನಾಲ್ವರು ಮಕ್ಕಳೂ ಮುಂದೆ ವಿಜ್ಞಾನ, ಗಣಿತಗಳಲ್ಲಿ ಡಾಕ್ಟರೇಟ್ ಪಡೆದರು. 1996ರಲ್ಲಿ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯು ಅವರನ್ನು ಸದಸ್ಯೆಯನ್ನಾಗಿ ಮಾಡಿಕೊಂಡಿತು. 2016ರಲ್ಲಿ ಅವರು ತೀರಿಕೊಂಡರು. ಚಿಲಿ ದೇಶದ ಪರ್ವತದ ಮೇಲೆ ಅವರ ಹೆಸರಿನಲ್ಲಿ ಕಟ್ಟಿದ ವೀಕ್ಷಣಾಲಯ 2025ರಲ್ಲಿ ತನ್ನ ಮೊದಲ ಚಿತ್ರಗಳನ್ನು ಜಗತ್ತಿಗೆ ತೋರಿಸಿತು. ಆ ಚಿತ್ರಗಳ ಹಿಂದೆ ರಾತ್ರಿಯ ಹೊತ್ತು ಕಾರಿನಲ್ಲಿ ಕಾದ ಒಬ್ಬ ಗಂಡನೂ, ಮೊಮ್ಮಕ್ಕಳಿಗೆ ಉಣಿಸಿದ ಅಜ್ಜ ಅಜ್ಜಿಯರೂ ಇದ್ದಾರೆ. ಕುಟುಂಬವೆಂದರೆ ಇದೇ ಅಲ್ಲವೇ?

ಸಂಪಾದನೆಯ ಪ್ರಶ್ನೆಗೂ ಉತ್ತರವಿದೆ. ಬಿ.ಎಸ್‌ಸಿ., ಎಂ.ಎಸ್‌ಸಿ. ಮುಗಿಸಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಗೆದ್ದು ಸಂಶೋಧನೆಗೆ ಸೇರಿದವರಿಗೆ ಕೇಂದ್ರ ಸರ್ಕಾರ ಕೊಡುವ ಕಿರಿಯ ಶಿಷ್ಯವೇತನವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ದೊಡ್ಡ ಕಂಪನಿಯ ಸಂಬಳವಲ್ಲ, ನಿಜ. ಆದರೆ ಹಸಿವಿನ ದಾರಿಯೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯು ನೆರೆಯ ಸಂಸ್ಥೆಗಳೊಡನೆ ಸೇರಿ 1982ರಿಂದ ಖಗೋಳ ವಿಜ್ಞಾನದ ಜಂಟಿ ಡಾಕ್ಟರೇಟ್ ವ್ಯಾಸಂಗವನ್ನು ಬೆಳೆಸಿದೆ. ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. 2015ರಲ್ಲಿ ಆ್ಯಸ್ಟ್ರೋಸ್ಯಾಟ್ ಉಪಗ್ರಹದೊಡನೆ ಬಾನಿಗೇರಿದ ನೇರಳಾತೀತ ದೂರದರ್ಶಕ ಸಿದ್ಧಗೊಂಡದ್ದು ಅದರ ಮುಂದಾಳುತನದಲ್ಲಿ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವಿದೆ. ಯಲಹಂಕದಿಂದ ದೊಡ್ಡಬಳ್ಳಾಪುರ ದಾಟಿ ಹೋದರೆ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ. ಅನ್ಯರು ಇವುಗಳನ್ನು ಸೇರಲು ಸಾವಿರಾರು ಮೈಲಿ ದಾಟಿ ಬರುತ್ತಾರೆ. ಉತ್ತರ ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಇವುಗಳ ಗೇಟು ಎಲ್ಲಿದೆಯೆಂದೂ ತಿಳಿಯದು. ಆ ತಪ್ಪು ಮಕ್ಕಳದ್ದಲ್ಲ.

ಎಲ್ಲ ಮಕ್ಕಳೂ ಖಗೋಳ ವಿಜ್ಞಾನಿಗಳಾಗಲಿ ಎಂದು ನಾವು ಹೇಳುತ್ತಿಲ್ಲ. ಆಗಬಯಸಿದ ಒಬ್ಬಳನ್ನು ತಡೆಯದಿರೋಣ ಎನ್ನುತ್ತಿದ್ದೇವೆ. ಧರ್ಮಕೇಂದ್ರಗಳು ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ಧರ್ಮೋಪದೇಶ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವಾಗ ಒಂದು ವರ್ಷವಾದರೂ ನೆಹರೂ ತಾರಾಲಯಕ್ಕೋ, ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನದಂದು ಅಲ್ಲಿಗೋ ಕರೆದೊಯ್ಯಬಹುದು. ಪಿ.ಯು.ಸಿ. ಮುಗಿಸಿದವರಿಗೆ ನಡೆಸುವ ಮಾರ್ಗದರ್ಶನ ಶಿಬಿರಗಳಲ್ಲಿ ಬ್ಯಾಂಕು, ನರ್ಸಿಂಗು, ಕಂಪ್ಯೂಟರುಗಳ ಜೊತೆಗೆ ಮೂಲ ವಿಜ್ಞಾನಕ್ಕೂ ಅರ್ಧ ಗಂಟೆ ಮೀಸಲಿಡಬಹುದು. ಮತ್ತೊಂದು, ಕಾಸು ಖರ್ಚಿಲ್ಲದ್ದು: ಕ್ರಿಸ್ತಜಯಂತಿಯ ರಜೆಯಲ್ಲಿ, ಚಂದ್ರನಿಲ್ಲದ ಒಂದು ಸಂಜೆ, ಮಕ್ಕಳನ್ನು ಕರೆದುಕೊಂಡು ನಗರದ ಬೆಳಕಿನಿಂದಾಚೆ ಬಂಧುಗಳ ಊರಿಗೆ ಹೋದಾಗ ಅಂಗಳದ ದೀಪ ಆರಿಸಿ ಹತ್ತು ನಿಮಿಷ ಕತ್ತಲಲ್ಲಿ ನಿಲ್ಲಿಸುವುದು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ದೇವಯಾನಿಯ ಬಿಳಿ ತೇಪೆಯನ್ನು ತೋರಿಸುವುದು.

ನಾವು ಆ ಹೆಣ್ಣುಮಗಳ ಮನೆಗೆ ಹೋಗಿದ್ದೆವು. ಬಾಗಿಲಲ್ಲಿ ನಕ್ಷತ್ರದೀಪ ಉರಿಯುತ್ತಿತ್ತು. ಒಳಗೆ ಅರ್ಧ ಕಟ್ಟಿದ ಗೋದಲಿ. ತಂದೆ ಮಾತು ಕೇಳಿಸಿಕೊಂಡರು, ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹೊರಡುವಾಗ ತಾಯಿ ಮಾತ್ರ ಗೇಟಿನವರೆಗೆ ಬಂದು, ಆ ವಿಜ್ಞಾನ ಸಂಸ್ಥೆಗೆ ನಮ್ಮ ಕಡೆಯಿಂದ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದರು.